ಗಂಟಲಿಗೆ ತಕ್ಕ ಶ್ರುತಿ: ಗಿಟಾರಿನ 'ಕ್ಯಾಪೋ' ಬಗ್ಗೆ ನಾಲ್ಕು ಮಾತು

ಹಾರ್ಮೋನಿಯಂ ಅಟ್ಟ ಸೇರಿದ ನಮ್ಮ ಎಷ್ಟೋ ಮನೆಗಳಲ್ಲಿ ಈಗ ಗಿಟಾರು ಬಂದು ಕುಳಿತಿದೆ. ಹುಡುಗರು ಭಾವಗೀತೆಗೂ ಭಜನೆಗೂ ಅದನ್ನೇ ಬಾರಿಸುತ್ತಾರೆ. ಸಂತೋಷವೇ. ಆದರೆ ಹಾಡುವವರ ಗಂಟಲನ್ನು ವಿಚಾರಿಸಿ ಬಾರಿಸುವವರು ಕಡಿಮೆ. ತಾವು ಕಲಿತ ನಾಲ್ಕು ಸ್ವರಗುಚ್ಛಗಳು, ಅವರ ಭಾಷೆಯಲ್ಲಿ 'ಕಾರ್ಡು'ಗಳು, ಯಾವ ಶ್ರುತಿಗೆ ಒದಗುತ್ತವೆಯೋ ಅದರಲ್ಲೇ ಎಲ್ಲರೂ ಹಾಡಬೇಕು. ಹಾಡಲಾಗದ ಮಗುವಿಗೆ 'ನಿನಗೆ ಸ್ವರವಿಲ್ಲ' ಎಂಬ ಬಿರುದು. ಪ್ರಾರ್ಥನೆಗೆ ನಿಲ್ಲುವ ಕನ್ನಡ ಮಕ್ಕಳೇ ವರ್ಷ ವರ್ಷ ಕಡಿಮೆಯಾಗುತ್ತಿರುವಲ್ಲಿ ಒಂದು ದನಿ ಹೀಗೆ ಅಡಗಿದರೂ ನಷ್ಟ ನಮ್ಮದೇ.

ಕಳೆದ ಬೇಸಗೆಯಲ್ಲಿ ಸಂಬಂಧಿಕರ ಮದುವೆಗೆಂದು ನಾವು ಹಿಂದೂಪುರಕ್ಕೆ ಹೋಗಿ, ಅಲ್ಲಿಂದ ಕಲ್ಯಾಣದುರ್ಗ ಸೇರಿದೆವು. ಎರಡೂ ಆಂಧ್ರದ ಅನಂತಪುರ ಜಿಲ್ಲೆಯಲ್ಲಿದ್ದ ಊರುಗಳು. 2022ರಲ್ಲಿ ಹಿಂದೂಪುರ ಮಾತ್ರ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ನಮಗೆ ಮಲೆಯಾಳ ಹೇಗೋ ಅಲ್ಲಿಯ ಕನ್ನಡ ಮನೆಗಳಿಗೆ ತೆಲುಗು ಹಾಗೆ: ಪೇಟೆಯಲ್ಲಿ ಅದು, ಅಡುಗೆಮನೆಯಲ್ಲಿ ಕನ್ನಡ. ಮದುವೆಯ ಹಿಂದಿನ ರಾತ್ರಿ ಕಾಲೇಜು ಹುಡುಗನೊಬ್ಬ ಗಿಟಾರು ಹಿಡಿದು ಕುಳಿತ. ಅವನ ಶ್ರುತಿ 'ಡಿ', ಅಂದರೆ ನಮ್ಮ ಲೆಕ್ಕದಲ್ಲಿ ಎರಡು ಮನೆ, ಹಾರ್ಮೋನಿಯಂನ ಬಿಳಿ ಎರಡು. ಅವನಿಗೇನೋ ಹಿತ. ಹಾಡಬೇಕಾದ ಹುಡುಗಿಯರಿಗೆ ಕೆಳಗಿಳಿದರೆ ದನಿಯೇ ಇಲ್ಲ, ಒಂದು ಸ್ಥಾಯಿ ಏರಿದರೆ ಕೀರಲು. "ನಮಗೆ ಎಟಕಲ್ಲ ಅಣ್ಣಾ" ಎಂದು ಸುಮ್ಮನಾದರು. ಒಂದು ಕಾಲಕ್ಕೆ ನಾಟಕಗಳಿಗೆ ಹಾರ್ಮೋನಿಯಂ ಬಾರಿಸಿದ್ದ ಹಿರಿಯರೊಬ್ಬರು ಕಂಬಕ್ಕೊರಗಿದ್ದವರು, "ನಾಲ್ಕೂವರೆಗೆ ಏರಿಸಪ್ಪಾ" ಎಂದರು. ನಾಲ್ಕೂವರೆ ಮನೆ ಎಂದರೆ ಕಪ್ಪು ಮೂರು, ಗಿಟಾರಿನವರ 'ಎಫ್ ಶಾರ್ಪ್'. ಅಲ್ಲಿ ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಒತ್ತಿ ಹಿಡಿಯಬೇಕು. ಹೊಸಬರ ಕೈಗೆ ಅದು ಒಗ್ಗುವುದಿಲ್ಲ. ಹುಡುಗ ಒಂದು ಪೆನ್ಸಿಲು, ಎರಡು ರಬ್ಬರ್ ಬ್ಯಾಂಡು ತರಿಸಿ, ಪೆನ್ಸಿಲನ್ನು ನಾಲ್ಕನೇ ಮೆಟ್ಟಿಲ ಹಿಂದೆ ಬಿಗಿದ. ಕೈ ಅದೇ 'ಡಿ', ಕೇಳಿಸಿದ್ದು ನಾಲ್ಕೂವರೆ. ಹುಡುಗಿಯರು ಹನ್ನೊಂದು ಗಂಟೆಯ ತನಕ ಹಾಡಿದರು.

ಆ ಪೆನ್ಸಿಲು ಮಾಡಿದ್ದೇ ಕ್ಯಾಪೋದ ಕೆಲಸ. ಇಟಾಲಿಯನ್ ಭಾಷೆಯ 'ಕ್ಯಾಪೋಟಾಸ್ಟೋ' ಎಂಬುದರ ಮೊಟಕು ರೂಪವಿದು. 'ಕ್ಯಾಪೋ' ಎಂದರೆ ತಲೆ. ಗಿಟಾರಿನ ಕುತ್ತಿಗೆಗೆ ಕಚ್ಚಿಸುವ ರಬ್ಬರು ಮೆತ್ತಿದ ಚಿಮುಟ ಎಂದರೂ ಸರಿ. ದಣಿಯದ ತೋರುಬೆರಳು ಅದು. ಎಲ್ಲಿ ಕಚ್ಚುತ್ತದೆಯೋ ತಂತಿಗಳು ಅಲ್ಲಿಂದಲೇ ಮೊದಲಾಗುತ್ತವೆ. ಒಂದು ಮೆಟ್ಟಿಲಿಗೆ ಅರ್ಧ ಸ್ವರ. ಹನ್ನೆರಡು ಮೆಟ್ಟಿಲಿಗೆ ಒಂದು ಸ್ಥಾಯಿ. ಪ್ರತಿ ಮೆಟ್ಟಿಲೂ ತಂತಿಯ ಉಳಿದ ಉದ್ದದಲ್ಲಿ ಸುಮಾರು ಹದಿನೆಂಟರಲ್ಲೊಂದು ಪಾಲನ್ನು ಕಡಿಯುತ್ತದೆ. ಹನ್ನೆರಡನೆಯದಕ್ಕೆ ತಂತಿ ಸರಿಯಾಗಿ ಅರ್ಧ. ನಮ್ಮ ವೀಣೆಯ 24 ಮೆಟ್ಟಿಲುಗಳ ಲೆಕ್ಕವೂ ಇದೇ, ಎರಡು ಸ್ಥಾಯಿ. ಹಿಂದೂಪುರಕ್ಕೆ ಹೋದವರು ಸುಮಾರು 15 ಕಿಲೋಮೀಟರು ದೂರದ ಲೇಪಾಕ್ಷಿಯನ್ನು ನೋಡದೆ ಬರಬಾರದು. ವಿಜಯನಗರದ ಅಚ್ಯುತರಾಯನ ಕಾಲದ ಆ ಗುಡಿಯ ನಾಟ್ಯಮಂಟಪದ ಕಂಬಗಳಲ್ಲಿ ತುಂಬುರು ವೀಣೆ ಹಿಡಿದಿದ್ದಾನೆ, ಬ್ರಹ್ಮ ಮದ್ದಳೆ ಬಾರಿಸುತ್ತಿದ್ದಾನೆ. ಅಲ್ಲಿ ಕನ್ನಡ ಶಾಸನಗಳೂ ಇವೆ.

ಗಂಡಸರು ಸಾಮಾನ್ಯವಾಗಿ ಒಂದು, ಒಂದೂವರೆ ಮನೆಯಲ್ಲೂ ಹೆಂಗಸರು ನಾಲ್ಕೂವರೆಯಿಂದ ಐದೂವರೆಯಲ್ಲೂ ಹಾಡುವುದು ವಾಡಿಕೆ. ಐದೂವರೆ ಬೇಕಾದರೆ 'ಜಿ'ಯ ಕೈಯಲ್ಲೇ ಕ್ಯಾಪೋವನ್ನು ಮೊದಲ ಮೆಟ್ಟಿಲಿಗೆ ಹಾಕಿ. ಆರೂವರೆಗೆ ಅದೇ 'ಜಿ', ಮೂರನೇ ಮೆಟ್ಟಿಲು. ನಾಲ್ಕೂವರೆಗೆ 'ಇ'ಯ ಕೈ, ಎರಡನೇ ಮೆಟ್ಟಿಲು. ಕಲ್ಯಾಣದುರ್ಗದ ಹುಡುಗನ ದಾರಿಗಿಂತ ಇದರಲ್ಲಿ ನಾದ ತುಂಬಿರುತ್ತದೆ, ಯಾಕೆಂದರೆ ಮೇಲೆ ಹೋದಷ್ಟೂ ಗಿಟಾರಿನ ದನಿ ತೆಳುವಾಗುತ್ತದೆ. ಎಣಿಸುವಾಗ ಒಂದು ಎಚ್ಚರ: ಮೂರು ಮತ್ತು ನಾಲ್ಕನೇ ಮನೆಗಳ ನಡುವೆ ಕಪ್ಪು ಇಲ್ಲ, ಅಲ್ಲಿ ಒಂದೇ ಮೆಟ್ಟಿಲು.

ಇದು ಸೋಮಾರಿಗಳ ಸಾಧನವೆಂದು ಮೂಗು ಮುರಿಯುವವರುಂಟು. ಸ್ಪೇನಿನ ಫ್ಲಮೆಂಕೋ ಗಿಟಾರಿನವರು ಹಾಡುಗಾರನ ಗಂಟಲು ನೋಡಿ ಇದನ್ನು ಹಾಕುವುದು ಹಳೆಯ ಪದ್ಧತಿ; ಅವರನ್ನು ಸೋಮಾರಿಗಳೆನ್ನುವ ಧೈರ್ಯ ಯಾರಿಗಿದೆ? ಕೀಲಿಗಳ ಹಲಗೆಯನ್ನೇ ಪಕ್ಕಕ್ಕೆ ಸರಿಸುವ 'ಸ್ಕೇಲ್ ಚೇಂಜರ್' ಹಾರ್ಮೋನಿಯಂ ಮಾಡುವುದೂ ಇದನ್ನೇ. ದೂರವೇಕೆ, ನಮ್ಮ ಯಕ್ಷಗಾನದಲ್ಲಿ ಮದ್ದಳೆಯನ್ನು ಭಾಗವತರ ಶ್ರುತಿಗೆ ಕೂಡಿಸುತ್ತಾರೆಯೇ ಹೊರತು ಭಾಗವತರನ್ನು ಮದ್ದಳೆಗೆ ಕೂಡಿಸುವುದಿಲ್ಲ.

ಕ್ಯಾಪೋವನ್ನು ಮೆಟ್ಟಿಲ ಲೋಹದ ಮೇಲೆ ಹಾಕಬಾರದು, ಅದರ ಹಿಂದೆಯೇ, ಹತ್ತಿರ, ಓರೆಯಾಗದಂತೆ ಹಾಕಬೇಕು. ಸಡಿಲವಾದರೆ ತಂತಿ ಝೇಂಕರಿಸುತ್ತದೆ, ಅತಿ ಬಿಗಿಯಾದರೆ ಶ್ರುತಿ ಮೇಲೇರುತ್ತದೆ. ಆದ್ದರಿಂದ ಹಾಕಿದ ಮೇಲೆ ಇನ್ನೊಮ್ಮೆ ಶ್ರುತಿ ನೋಡಬೇಕು. ಇದು ಏರಿಸುತ್ತದೆ, ಇಳಿಸುವುದಿಲ್ಲ. ಇಳಿಸಬೇಕಾದರೆ ತಂತಿಗಳನ್ನೇ ಸಡಿಲಿಸಬೇಕು. ಮಕ್ಕಳಿಗೆ ಹಾಡಿಸುವ ಅಧ್ಯಾಪಕ ಮಿತ್ರರು ಮೊದಲು ಮಗುವಿಗೆ ಬರಿಬಾಯಲ್ಲಿ ಹಾಡಲು ಹೇಳಿ, ಅದರ ಷಡ್ಜ ಎಲ್ಲಿದೆಯೆಂದು ಹಾರ್ಮೋನಿಯಂನಲ್ಲಿ ಹುಡುಕಿ, ಆ ಮೇಲೆ ಮೆಟ್ಟಿಲು ಎಣಿಸಲಿ. ಅಟ್ಟದ ಹಾರ್ಮೋನಿಯಂ ಆ ಕೆಲಸಕ್ಕಾದರೂ ಕೆಳಗಿಳಿಯಲಿ.