ಸೊಂಟದ ಕೀಲು ಬದಲಾದ ಮೇಲೆ ತೋಟದ ಬದುಕು

ಬೈರಮಂಗಲದ ಸುತ್ತಿನ ತೋಟಗಳಲ್ಲಿ ಕೆಲಸವೆಲ್ಲ ನೆಲಕ್ಕೆ ಅಂಟಿಕೊಂಡೇ ನಡೆಯುತ್ತದೆ. ಅಡಿಕೆ ಸುಲಿಯುವುದು ಕೂತು, ಕಳೆ ಕೀಳುವುದು ಕುಕ್ಕರಗಾಲಿನಲ್ಲಿ, ಊಟ ಚಕ್ಕಳಮಕ್ಕಳ ಹಾಕಿ. ಆದ್ದರಿಂದ ಸೊಂಟದ ಕೀಲು ಬದಲಿಸಬೇಕೆಂದು ಡಾಕ್ಟರು ಹೇಳಿದಾಗ ನಮ್ಮವರಿಗೆ ಶಸ್ತ್ರಚಿಕಿತ್ಸೆಗಿಂತ ಮುಂದಿನ ಬದುಕಿನ ಚಿಂತೆಯೇ ದೊಡ್ಡದು.

ತೊಡೆಮೂಳೆಯ ತುದಿಯ ಗುಂಡು ಸೊಂಟದ ಬಟ್ಟಲಿನಲ್ಲಿ ತಿರುಗುತ್ತದೆ. ಸವೆತದಿಂದಲೋ, ಬಿದ್ದು ಮೂಳೆ ಮುರಿದೋ, ರಕ್ತಸಂಚಾರ ನಿಂತೋ ಗುಂಡು ಕೆಡಬಹುದು. ಅತಿಯಾದ ಮದ್ಯಪಾನ, ವೈದ್ಯರ ಸಲಹೆಯಿಲ್ಲದೆ ದೀರ್ಘಕಾಲ ನುಂಗಿದ ಸ್ಟೀರಾಯ್ಡ್ ಗುಳಿಗೆಗಳು ಚಿಕ್ಕ ವಯಸ್ಸಿನಲ್ಲೇ ಈ ಸ್ಥಿತಿ ತರುವುದುಂಟು. 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಲೋಹದ ಗುಂಡು, ಪ್ಲಾಸ್ಟಿಕ್ ಬಟ್ಟಲು ಕೂಡಿಸಿ ರೂಪಿಸಿದ ಕೀಲೇ ಇಂದಿನ ಚಿಕಿತ್ಸೆಗೆ ಬುನಾದಿ. ಬದಲಿಸಿದ ಕೀಲು 15-20 ವರ್ಷ ಬಾಳುವುದು ಸಾಮಾನ್ಯ.

ವೃದ್ಧರು ಬಿದ್ದು ಸೊಂಟದ ಬಳಿ ಮೂಳೆ ಮುರಿದಾಗ ಪಟ್ಟು ಹಾಕಿಸಿ ತಿಂಗಳುಗಟ್ಟಲೆ ಮಲಗಿಸುವುದು ಅಪಾಯಕರ. ಬೆನ್ನುಹುಣ್ಣು, ನ್ಯುಮೋನಿಯಾ ಹಿಂದೆಯೇ ಬರುತ್ತವೆ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬೆಂಗಳೂರಿನ ಜಯನಗರದಲ್ಲಿ ಸರ್ಕಾರದ ಸಂಜಯ್ ಗಾಂಧಿ ಮೂಳೆಚಿಕಿತ್ಸಾ ಸಂಸ್ಥೆ ಇದೆ.

ಕೀಲು ಬದಲಾದವರನ್ನು ಬಹುಮಟ್ಟಿಗೆ ಒಂದೆರಡು ದಿನದಲ್ಲೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಹಳೆಯ ಕೀಲುನೋವು ಹೋಗಿ ಗಾಯದ ನೋವು ಮಾತ್ರ ಉಳಿದಿರುವುದು ಹಲವರಿಗೆ ಆಗಲೇ ತಿಳಿಯುತ್ತದೆ. ನಿಜವಾದ ಪರೀಕ್ಷೆ ಮನೆಗೆ ಬಂದ ಮೇಲಿನದು. ಮೊದಲ ಆರರಿಂದ ಹನ್ನೆರಡು ವಾರ ಕುಕ್ಕರಿಸುವುದು, ಕಾಲು ಮಡಿಸಿ ಕೂರುವುದು, ತಗ್ಗಿನ ಪೀಠ ಬಳಸುವುದು ಸಲ್ಲದು, ಕೀಲು ಜಾರೀತು. ರೋಗಿ ಆಸ್ಪತ್ರೆಯಲ್ಲಿರುವಾಗಲೇ ಮನೆಯವರು ಎತ್ತರದ ಕಮೋಡ್, ಕೈಯಿರುವ ಕುರ್ಚಿ, ಮಂಚ ಸಿದ್ಧಪಡಿಸಬೇಕು. ಬಚ್ಚಲಿನ ಪಾಚಿ ಉಜ್ಜಿಸಬೇಕು. ಮೀನಖಂಡ ಊದಿದರೆ, ಗಾಯದಿಂದ ಕೀವು ಒಸರಿದರೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಉಸಿರು ಕಟ್ಟಿದರೆ ಒಂದು ಗಳಿಗೆಯೂ ಕಾಯಬಾರದು.

ಅನಂತರವೂ ಮರ ಹತ್ತುವುದು, ಮೂಟೆ ಹೊರುವುದು ಬೇಡ. ತೋಟ ಸುತ್ತಿ ನೋಡಬಹುದು. ಎತ್ತರದ ಮೇಜಿನ ಮುಂದೆ ಕುರ್ಚಿಯಲ್ಲಿ ಕೂತು ಅಡಿಕೆ ಆರಿಸಬಹುದು, ಲೆಕ್ಕ ಬರೆಯಬಹುದು. ಉಳಿದ ಕೆಲಸಕ್ಕೆ ಒಂದು ಹಂಗಾಮಿನ ಮಟ್ಟಿಗಾದರೂ ಆಳು ಗೊತ್ತುಮಾಡಿಕೊಳ್ಳಿರಿ.

ಸಹಕಾರಿ ಸದಸ್ಯರ ಯಶಸ್ವಿನಿ ಯೋಜನೆ 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ನಿಂತು, 2022-23ರಲ್ಲಿ ಮರಳಿ ಆರಂಭವಾಯಿತು. ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿ ಒಂದು ಪ್ರಶ್ನೆ ಕೇಳಿರಿ: ಶಸ್ತ್ರಚಿಕಿತ್ಸೆಯ ಜೊತೆಗೆ ಕೃತಕ ಕೀಲಿನ ಬೆಲೆಯೂ ಯೋಜನೆಗೆ ಸೇರುತ್ತದೆಯೇ? ಉತ್ತರವನ್ನು ಬರವಣಿಗೆಯಲ್ಲಿ ಪಡೆದರೆ ಅಡಿಕೆಯ ಹಣಕ್ಕೆ ಮುಂಗಡ ಸಾಲ ಮಾಡಬೇಕೇ ಬೇಡವೇ ಎಂಬುದು ತಿಳಿಯುತ್ತದೆ.