ಕಾಲಿನ ಮೇಲೆ ಕಾರಣ ತಿಳಿಯದ ಕಲೆ: ದೋಷ ಚರ್ಮದ್ದೇ ಆಗಿರಬೇಕಿಲ್ಲ

ಭಟ್ಕಳ, ಹೊನ್ನಾವರ, ಕುಮಟಾ ಭಾಗದಲ್ಲಿ ಕಾಲಿನ ಚರ್ಮ ಬಣ್ಣಗೆಟ್ಟರೆ ಜನರು ಮೊದಲು ಹೋಗುವುದು ಸಾಮಾನ್ಯವಾಗಿ ಔಷಧಿ ಅಂಗಡಿಗೆ. ನೋವಿಲ್ಲ, ತುರಿಕೆಯೂ ಅಷ್ಟಕ್ಕಷ್ಟೆ. ಒಂದು ಮುಲಾಮು ಸಾಕೆಂಬ ಎಣಿಕೆ. ಅದು ಫಲಿಸದಿದ್ದರೆ ಮತ್ತೊಂದು. ಕೊನೆಗೆ ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಯ ದಾರಿ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2019ರಲ್ಲಿಯೂ 2022ರಲ್ಲಿಯೂ ಸಾಮಾಜಿಕ ಜಾಲತಾಣಗಳಲ್ಲಿ ಅಭಿಯಾನ ನಡೆಸಿದ ಉತ್ತರ ಕನ್ನಡದ ಜನರಿಗೆ ಈ ದಾರಿ ಎಷ್ಟು ದೂರವೆಂಬುದು ಗೊತ್ತು. ಆದರೆ ಕಾಲಿನ ಕಲೆಯ ಮಟ್ಟಿಗೆ ಮೊದಲ ಉತ್ತರ ಹತ್ತಿರದಲ್ಲೇ ಸಿಗಬಹುದು. ಕಲೆಯ ಬಣ್ಣ, ಅದಿರುವ ಜಾಗ, ಅಲ್ಲಿನ ಸ್ಪರ್ಶಜ್ಞಾನ ಇವಿಷ್ಟನ್ನು ಪರೀಕ್ಷಿಸಲು ಯಾವ ಯಂತ್ರವೂ ಬೇಡ.

ಪಾದದ ಗಂಟಿನ ಮೇಲೆ, ಹೆಚ್ಚಾಗಿ ಒಳಬದಿಯಲ್ಲಿ, ಕಂದು ಅಥವಾ ಕಪ್ಪು ಬಣ್ಣ ಹರಡುತ್ತಿದ್ದರೆ ಮೊದಲು ಶಂಕಿಸಬೇಕಾದದ್ದು ರಕ್ತನಾಳವನ್ನು. ಕಾಲಿನ ಅಶುದ್ಧ ರಕ್ತ ಗುರುತ್ವಾಕರ್ಷಣೆಗೆ ಎದುರಾಗಿ ಹೃದಯದತ್ತ ಏರಬೇಕು. ಮೀನಖಂಡದ ಸ್ನಾಯುಗಳು ಅದನ್ನು ಮೇಲಕ್ಕೆ ಒತ್ತುತ್ತವೆ. ನಾಳದೊಳಗಿನ ಸಣ್ಣ ಕವಾಟಗಳು ಕೆಳಗಿಳಿಯದಂತೆ ತಡೆಯುತ್ತವೆ. ಕವಾಟ ಸಡಿಲವಾದರೆ ರಕ್ತ ಕೆಳಗೆ ನಿಲ್ಲುತ್ತದೆ, ಒತ್ತಡ ಹೆಚ್ಚುತ್ತದೆ, ಕೆಂಪು ರಕ್ತಕಣಗಳು ಸೂಕ್ಷ್ಮನಾಳಗಳಿಂದ ಹೊರಜಿನುಗುತ್ತವೆ. ಆ ಕಣಗಳು ಒಡೆದಾಗ ಉಳಿಯುವ ಕಬ್ಬಿಣದ ಅಂಶವೇ ಚರ್ಮದಡಿ ತುಕ್ಕಿನಂತೆ ಕಾಣುವ ಕಲೆ. ಇಡೀ ದಿನ ನಿಂತೇ ದುಡಿಯುವ ಅಡುಗೆಯವರು, ಅಂಗಡಿ ನೌಕರರು, ಹಲವು ಹೆರಿಗೆ ಕಂಡ ಮಹಿಳೆಯರು, ಸ್ಥೂಲಕಾಯದವರು ಇದಕ್ಕೆ ಹೆಚ್ಚು ಗುರಿಯಾಗುತ್ತಾರೆ. ಸಂಜೆಯ ಹೊತ್ತಿಗೆ ಕಾಲು ಭಾರವಾಗಿ ಊದಿ, ಬೆಳಗ್ಗೆ ಇಳಿಯುವುದು ಇದರ ಸುಳಿವು. ನಿರ್ಲಕ್ಷಿಸಿದರೆ ಅದೇ ಜಾಗದಲ್ಲಿ ವರ್ಷಗಟ್ಟಲೆ ಮಾಯದ ಹುಣ್ಣಾಗುವುದುಂಟು.

ಇಂಥ ಕಾಲನ್ನು ಕಂಡು ಜನ 'ನರ ಉಬ್ಬಿದೆ' ಎನ್ನುತ್ತಾರೆ. ಆಡುಮಾತಿನಲ್ಲಿ ರಕ್ತನಾಳವೂ ನರ, ಸ್ಪರ್ಶ ತಿಳಿಸುವ ತಂತುವೂ ನರ. ಈ ಗೊಂದಲ ಬರಿಯ ಭಾಷೆಯದಲ್ಲ. ಏಕೆಂದರೆ ನಿಜವಾದ ನರಕ್ಕೆ ಹಾನಿ ಮಾಡುವ ಕಾಯಿಲೆಯ ಕಲೆ ಬೇರೆಯೇ ಆಗಿದೆ. ಸುತ್ತಲಿನ ಚರ್ಮಕ್ಕಿಂತ ತಿಳಿಯಾದ ಅಥವಾ ನಸುಗೆಂಪಾದ ಮಚ್ಚೆ, ಅಲ್ಲಿ ಹತ್ತಿಯ ಎಳೆ ತಾಗಿಸಿದರೂ ಅರಿವಾಗದಿರುವುದು ಕುಷ್ಠರೋಗದ ಲಕ್ಷಣ. ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಈ ರೋಗದ ನಿರ್ಮೂಲನೆಯನ್ನು ಭಾರತ 2005ರ ಡಿಸೆಂಬರ್‌ನಲ್ಲಿ ಸಾಧಿಸಿತು. ಅದರ ಅರ್ಥ ಹತ್ತು ಸಾವಿರ ಜನರಿಗೆ ಒಂದಕ್ಕಿಂತ ಕಡಿಮೆ ರೋಗಿಗಳು ಎಂದೇ ಹೊರತು ರೋಗವೇ ಇಲ್ಲವೆಂದಲ್ಲ. ಇತ್ತೀಚಿನ ವರ್ಷಗಳಲ್ಲೂ ದೇಶದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ಪ್ರಕರಣಗಳು ಪತ್ತೆಯಾಗಿವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಬಹುಔಷಧ ಚಿಕಿತ್ಸೆ ಉಚಿತ. ಆರು ತಿಂಗಳು ಅಥವಾ ಒಂದು ವರ್ಷ ಮಾತ್ರೆ ಸೇವಿಸಿದರೆ ರೋಗ ಗುಣವಾಗುತ್ತದೆ. ನಾಚಿಕೆಯಿಂದ ಮಚ್ಚೆಯನ್ನು ಮುಚ್ಚಿಟ್ಟ ಅವಧಿಯಲ್ಲಿ ಸತ್ತ ನರ ಮಾತ್ರ ಮರಳಿ ಬರುವುದು ಕಷ್ಟ.

ಕರಾವಳಿಯಲ್ಲಿ ಆನೆಕಾಲು ರೋಗವನ್ನೂ ಮರೆಯುವಂತಿಲ್ಲ. ಉತ್ತರ ಕನ್ನಡ ಈ ರೋಗಪೀಡಿತವೆಂದು ಗುರುತಿಸಲಾದ ಜಿಲ್ಲೆಗಳ ಪಟ್ಟಿಗೆ ಸೇರಿದೆ. ಕ್ಯೂಲೆಕ್ಸ್ ಸೊಳ್ಳೆಯಿಂದ ಹರಡುವ ಇದರಲ್ಲಿ ಮೊದಲು ಊತ, ಆಮೇಲೆ ಚರ್ಮ ದಪ್ಪಗಾಗಿ ಕಪ್ಪಾಗುವುದು. ರೋಗಾಣುಗಳು ಹೊರರಕ್ತಕ್ಕೆ ಬರುವುದು ರಾತ್ರಿಯಾದ್ದರಿಂದ ರಕ್ತದ ಮಾದರಿಯನ್ನು ರಾತ್ರಿಯೇ ತೆಗೆಯುವ ಕ್ರಮವಿದೆ.

ಮೊಣಕಾಲ ಕೆಳಗೆ ಮುಂಭಾಗದಲ್ಲಿ ಸಣ್ಣ ದುಂಡನೆಯ ಕಂದು ಗುರುತುಗಳಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮಳೆಗಾಲದಲ್ಲಿ ಬಚ್ಚಲ ಒಲೆಯ ಮುಂದೆ ದಿನವೂ ಕಾಲು ಚಾಚಿ ಕೂರುವವರಿಗೆ ಬಲೆಯಂಥ ಕಂದು ಗೆರೆಗಳು ಮೂಡಬಹುದು. ಅದು ಬೆಂಕಿಯ ಕಾವಿನ ಗುರುತು. ಜ್ವರದೊಂದಿಗೆ ಕಾಲಿನಲ್ಲಿ ಕೆಂಪು ಚುಕ್ಕೆಗಳೆದ್ದರೆ, ಅಥವಾ ಬೆರಳು ತಣ್ಣಗಾಗಿ ನೀಲಿಗಟ್ಟಿ ನೋಯುತ್ತಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಸ್ಟಿರಾಯ್ಡ್ ಬೆರೆತ ಮುಲಾಮುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಇಂಥ ಹಲವು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರದಂತೆ ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿದೆ. ಇವು ಚರ್ಮವನ್ನು ತೆಳುವಾಗಿಸುತ್ತವೆ, ಹುಳುಕಡ್ಡಿಯನ್ನು ಮರೆಮಾಚಿ ಹರಡಿಸುತ್ತವೆ. ಕಬ್ಬಿಣದ ಕಲೆಯನ್ನಾಗಲಿ ಸತ್ತ ನರವನ್ನಾಗಲಿ ಸರಿಪಡಿಸವು. ಬಿಗಿ ಕಾಲುಚೀಲವನ್ನೂ ತಾವಾಗಿಯೇ ಕೊಂಡು ತೊಡುವುದು ಸಲ್ಲದು: ಶುದ್ಧರಕ್ತದ ನಾಳ ಕಿರಿದಾಗಿದ್ದರೆ ಆ ಬಿಗಿತವೇ ಅಪಾಯ. ಪಾದದ ನಾಡಿಯನ್ನು ಮುಟ್ಟಿ ನೋಡಿ, ರೋಗಿಯನ್ನು ನಿಲ್ಲಿಸಿ ಕಾಲು ಪರೀಕ್ಷಿಸುವ ವೈದ್ಯರು ತಾಲೂಕು ಆಸ್ಪತ್ರೆಯಲ್ಲೇ ಸಿಗುತ್ತಾರೆ. ಡಾಪ್ಲರ್ ಸ್ಕ್ಯಾನ್ ಬೇಕೋ ಬೇಡವೋ, ಬೇಕಾದರೆ ಎಲ್ಲಿ ಎಂಬುದು ಆನಂತರದ ಪ್ರಶ್ನೆ.