ಯುಗಾದಿಗೆ ಮುಂಚೆ ಹಿತ್ತಲ ಕೆರೆ

ಮಾಘ ಮಾಸ ಮುಗಿಯುತ್ತಾ ಬಂದಂತೆ ವಯನಾಡಿನ ನಮ್ಮ ಮನೆಗಳಲ್ಲಿ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಒಂದು, ಕಾಫಿಗೆ ಹೂಮಳೆ ಯಾವಾಗ ಬಂದೀತು ಎಂಬುದು. ಇನ್ನೊಂದು, ಹಿತ್ತಲ ಕೆರೆಗೆ ಇಳಿಯುವುದು ಯಾವಾಗ ಎಂಬುದು. ಹೂಮಳೆಯ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ಮನೆಯ ಕೆರೆಯ ಬಗ್ಗೆ ಬರೆದುದನ್ನು ನಾವು ಓದಿಲ್ಲವಾದ್ದರಿಂದ, ಕರಿಮೆಣಸು ತೂಗುವುದರಲ್ಲೇ ನಲವತ್ತು ವರ್ಷ ಕಳೆದ ನಾವೇ ಧೈರ್ಯ ಮಾಡಿದ್ದೇವೆ. ನಮ್ಮ ಓದು ಹತ್ತನೆಯ ತರಗತಿಯವರೆಗೆ, ಅದೂ ಮಲಯಾಳಂ ಶಾಲೆಯಲ್ಲಿ. ಕನ್ನಡ ಅಕ್ಷರ ತಿದ್ದಿಸಿದವರು ಅಜ್ಜಿ. ತಪ್ಪು ಕಂಡರೆ ಧರ್ಮಬಂಧುಗಳು ತಿದ್ದಿಕೊಂಡು ಓದಬೇಕು.

ನಮ್ಮ ಕೆರೆ ದೊಡ್ಡದೇನಲ್ಲ. ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲ, ತುಂಬಿದಾಗ ಆರು ಅಡಿ ಆಳ. ಗಾರೆ ಹಾಕದೆ ಜೋಡಿಸಿದ ಕಲ್ಲುಕಟ್ಟು. ಮೇಲೆ ಕಾಫಿ ತೋಟ, ಕೆಳಗೆ ಗದ್ದೆ, ಇವೆರಡರ ನಡುವೆ ಗುಡ್ಡದ ನೀರು ಒಸರುವ ಜಾಗದಲ್ಲಿ ಅಜ್ಜನವರು ತೋಡಿಸಿದ್ದು. ವಯನಾಡಿನಲ್ಲಿ ಗದ್ದೆಯ ಅಂಚಿನ ಇಂಥ ಒಸರನ್ನು ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಕುರಿಚ್ಯರು, ಮುಳ್ಳು ಕುರುಮರು ಬೈನೆ ಮರದ ಕಾಂಡವನ್ನು ಪೊಳ್ಳು ಮಾಡಿ ಅಲ್ಲಿಯೇ ಇಳಿಸಿ 'ಕೇಣಿ' ಎಂಬ ಪುಟ್ಟ ಬಾವಿ ಮಾಡಿಕೊಂಡಿದ್ದಾರೆ. ಕಡು ಬೇಸಿಗೆಯಲ್ಲೂ ಅದರಲ್ಲಿ ನೀರು ಇರುತ್ತದೆ.

ನಾವು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇವೆ. 1985ರ ಮಾರ್ಚ್ ತಿಂಗಳು, ತಂಗಿಯ ಮದುವೆಗೆ ಇಪ್ಪತ್ತು ದಿನ ಉಳಿದಿತ್ತು. ಬರುವ ನೆಂಟರಿಗೆ ಹಸಿರು ಪಾಚಿ ಕಟ್ಟಿದ ಕೆರೆ ಕಾಣಬಾರದೆಂದು, ತಂದೆಯವರು ಮೈಸೂರಿಗೆ ಹೋಗಿದ್ದ ದಿನ ನೋಡಿ, ಬಾಡಿಗೆಗೆ ಡೀಸೆಲ್ ಪಂಪು ತಂದು ರಾತ್ರಿಯಿಡೀ ಓಡಿಸಿದೆವು. ಬೆಳಗಾಗುವಾಗ ತಳ ಕಂಡಿತು. ಕಂಡದ್ದು ತಳ ಮಾತ್ರವಲ್ಲ. ಕೆಸರಿನಲ್ಲಿ ಬಾಯಿ ಬಿಡುತ್ತಿದ್ದ ಮೀನುಗಳು, ಗೊದಮೊಟ್ಟೆಗಳು, ನೀರಿನ ಬಸವನಹುಳುಗಳು, ಒಂದು ಆಮೆ. ಏಳು ಗಂಟೆಗೆ ಬೆಳ್ಳಕ್ಕಿಗಳು ಸಾಲಾಗಿ ಇಳಿದವು. ಕೆಲಸಕ್ಕೆ ಬಂದವರಿಗೆ ಮೀನು ಆಹಾರ, ನಮಗೆ ವ್ರತ. ಅವರು ನಮ್ಮ ಮುಖ ನೋಡಿದರು. ನಾವು ಮನೆಯೊಳಗೆ ಹೋಗಿ ಕುಳಿತೆವು. ಆಮೆಯೊಂದನ್ನು ಗದ್ದೆಯ ತೋಡಿಗೆ ಬಿಟ್ಟರೆಂದು ಆಮೇಲೆ ತಿಳಿಯಿತು.

ತಂದೆಯವರು ಸಂಜೆ ಬಂದು ನೋಡಿದರು. ಒಂದು ಮಾತೂ ಬೈಯಲಿಲ್ಲ. ಮರುದಿನ ಉಪವಾಸ ಮಾಡಿದರು, ಸಾಮಾಯಿಕಕ್ಕೆ ಕುಳಿತವರು ಎಂದಿಗಿಂತ ಹೆಚ್ಚು ಹೊತ್ತು ಏಳಲಿಲ್ಲ. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು. ಮೂರನೆಯ ದಿನ ಪಡುವಣ ಬದಿಯ ಕಲ್ಲುಕಟ್ಟು ಹತ್ತು ಅಡಿ ಉದ್ದಕ್ಕೆ ಜಾರಿ ಕೆರೆಯೊಳಗೆ ಬಿತ್ತು. ಹಿಂದಿನ ಹಸಿ ಮಣ್ಣಿನ ಒತ್ತಡಕ್ಕೆ ಎದುರಾಗಿ ನಿಂತಿದ್ದುದು ಒಳಗಿನ ನೀರು. ಅದನ್ನು ಒಂದೇ ರಾತ್ರಿಯಲ್ಲಿ ತೆಗೆದರೆ ಕಟ್ಟು ನಿಲ್ಲುವುದು ಹೇಗೆ? ಮದುವೆಯ ದಿನ ನೆಂಟರು ಕಂಡದ್ದು ಮೊಣಕಾಲು ಮಟ್ಟದ ಕೆಂಪು ನೀರು ಮತ್ತು ಕಲ್ಲಿನ ರಾಶಿ.

ತಿಂಗಳ ನಂತರ ತಂದೆಯವರು ಒಂದು ಪುಸ್ತಕ ತೆಗೆದು ತೋರಿಸಿದರು. ಶ್ರಾವಕನು ಮಾಡಬಾರದ ಹದಿನೈದು ಜೀವನೋಪಾಯಗಳ ಪಟ್ಟಿ ಅದರಲ್ಲಿತ್ತು. ಕಾಡು ಕಡಿದು ಮಾರುವುದು, ವಿಷದ ವ್ಯಾಪಾರ, ಕಾಡಿಗೆ ಬೆಂಕಿ ಇಡುವುದು ಮುಂತಾದವುಗಳ ಜೊತೆಗೆ 'ಸರಃಶೋಷ', ಅಂದರೆ ಕೆರೆ ಕೊಳಗಳನ್ನು ಬತ್ತಿಸುವುದು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿಯೂ ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿಯೂ ಇದು ಬರುತ್ತದೆ. ನಾವು ಅದನ್ನು ಜೀವನೋಪಾಯಕ್ಕಾಗಿ ಮಾಡಿರಲಿಲ್ಲ, ಬರಿಯ ಅಂದಕ್ಕಾಗಿ ಮಾಡಿದ್ದೆವು. ಅದು ಇನ್ನೂ ಕೆಟ್ಟದ್ದು ಎಂದು ನಮಗೆ ತೋರುತ್ತದೆ.

ಹಾಗಾದರೆ ಕೆರೆಗೆ ಕೈಯನ್ನೇ ಹಚ್ಚಬಾರದೇ? ಹಾಗೂ ಅಲ್ಲ. ಹಲಸು, ಸಿಲ್ವರ್ ಓಕ್ ಎಲೆಗಳು ಬಿದ್ದು ಕೊಳೆತು ಹೂಳಾಗುತ್ತವೆ. ಬಿಟ್ಟರೆ ಬೇಸಿಗೆಯಲ್ಲಿ ನೀರು ನಾರಿ, ಅದರೊಳಗಿನ ಜೀವಗಳೇ ಉಸಿರು ಸಿಗದೆ ಸಾಯುತ್ತವೆ. ಗೃಹಸ್ಥನಿಗೆ ಆರಂಭಿ ಹಿಂಸೆ ಪೂರ್ತಿ ತಪ್ಪುವುದಿಲ್ಲ. ಕಡಿಮೆ ಮಾಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಅಂದಿನಿಂದ ತಂದೆಯವರು ಹಾಕಿಕೊಟ್ಟ ಕ್ರಮ ಹೀಗಿದೆ.

ಚಾತುರ್ಮಾಸದಲ್ಲಿ ಮಣ್ಣು ಕೆದಕುವ ಮಾತೇ ಇಲ್ಲ. ತುಲಾ ಮಳೆಯೂ ನಿಂತು, ಮಂಜು ಕಳೆದು, ಒಸರು ಇನ್ನೂ ಜೀವಂತವಾಗಿರುವ ಫೆಬ್ರವರಿಯೇ ಸರಿಯಾದ ಕಾಲ. ಏಪ್ರಿಲಿಗೆ ತಳ್ಳಿದರೆ ತೆಗೆದ ನೀರು ಮರಳಿ ತುಂಬುವುದಿಲ್ಲ. ಅಷ್ಟರಲ್ಲಿ ಬೇಸಿಗೆ ಮಳೆಗೆ ಕಪ್ಪೆಗಳು ಮೊಟ್ಟೆ ಇಡಲೂ ತೊಡಗುತ್ತವೆ. ನೀರನ್ನು ಮೂರನೆಯ ಒಂದು ಪಾಲಿಗಿಂತ ಕೆಳಗೆ ಇಳಿಸುವುದಿಲ್ಲ, ಇಳಿಸುವುದನ್ನೂ ನಾಲ್ಕೈದು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ. ಪಂಪಿನ ಫುಟ್‌ವಾಲ್ವನ್ನು ಬಿದಿರಿನ ಬುಟ್ಟಿಯೊಳಗಿಟ್ಟು ಬುಟ್ಟಿಗೆ ಸೊಳ್ಳೆಪರದೆಯ ಬಟ್ಟೆ ಸುತ್ತುತ್ತೇವೆ. ಇಲ್ಲದಿದ್ದರೆ ಮೀನುಮರಿಗಳು ನೇರವಾಗಿ ಪೈಪಿಗೆ ಹೋಗುತ್ತವೆ. ಬಟ್ಟೆಗೆ ಕಸ ಕಟ್ಟಿಕೊಂಡು ಪಂಪು ಏದುಸಿರು ಬಿಡುತ್ತದೆ, ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ತೊಳೆಯಬೇಕು. ನಮ್ಮ ಮಗನಿಗೆ ಇದರಲ್ಲಿ ತಾಳ್ಮೆ ಸಾಲದು.

ಈಶಾನ್ಯ ಮೂಲೆಯಲ್ಲಿ ಎರಡು ಅಡಿ ಹೆಚ್ಚು ಆಳದ ಒಂದು ಗುಂಡಿ ಇದೆ. ಅದನ್ನು ಮಾಡಿಸಿದ್ದು ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದ ಪಣಿಯ ಸಮುದಾಯದ ಒಬ್ಬ ಹಿರಿಯರ ಸಲಹೆಯ ಮೇರೆಗೆ. ನೀರು ಇಳಿದಂತೆ ಮೀನುಗಳು ತಾವಾಗಿಯೇ ಅಲ್ಲಿ ಸೇರುತ್ತವೆ, ಹಿಡಿಯುವ ಕೆಲಸವೇ ಬೇಡ. ಯಾವುದಾದರೂ ಹೊರಗೆ ಉಳಿದರೆ ಅದೇ ಕೆರೆಯ ನೀರು ತುಂಬಿದ ತೊಟ್ಟಿಗೆ, ನೆರಳಿನಲ್ಲಿ. ದೊಡ್ಡ ಮೀನನ್ನೂ ಸಣ್ಣ ಮೀನನ್ನೂ ಒಂದೇ ತೊಟ್ಟಿಗೆ ಹಾಕಬಾರದು, ಕಾರಣ ಹೇಳಬೇಕಾಗಿಲ್ಲ.

ಹೂಳನ್ನು ಒಂದು ವರ್ಷ ಅರ್ಧ ಭಾಗದಿಂದ ಮಾತ್ರ ತೆಗೆಯುತ್ತೇವೆ, ಉಳಿದರ್ಧ ಮುಂದಿನ ವರ್ಷಕ್ಕೆ. 2018ರ ಆಗಸ್ಟ್ ಮಳೆಯಲ್ಲಿ ಮೇಲಿನ ತೋಟದಿಂದ ಒಂದೂವರೆ ಅಡಿ ಕೆಂಪು ಮಣ್ಣು ಬಂದು ಕುಳಿತಾಗಲೂ ಆತುರ ಮಾಡಲಿಲ್ಲ, ಮೂರು ವರ್ಷ ತೆಗೆದುಕೊಂಡೆವು. ಕಪ್ಪು ಹೂಳು ಕಲಕಿದಾಗ ಕೆಟ್ಟ ಗಾಳಿ ಏಳುತ್ತದೆ. ಮೀನುಗಳು ಮೇಲೆ ಬಂದು ಬಾಯಿ ತೆರೆಯಲು ಶುರು ಮಾಡಿದರೆ ಅಂದಿನ ಕೆಲಸ ಅಲ್ಲಿಗೇ ನಿಲ್ಲಬೇಕು. ಕಪ್ಪು ಮುಗಿದು ಬೂದು ಜೇಡಿಮಣ್ಣು ಕಂಡಾಗಲೂ ಗುದ್ದಲಿ ನಿಲ್ಲಬೇಕು. ನೀರನ್ನು ಹಿಡಿದಿಡುವುದು ಆ ಜೇಡಿ. ಅದನ್ನು ಒಡೆದ ಪರಿಚಯದವರೊಬ್ಬರ ಕೆರೆ ಇಂದಿಗೂ ಸೋರುತ್ತಿದೆ.

ತೆಗೆದ ಹೂಳನ್ನೂ ಕಳೆಯನ್ನೂ ಎರಡು ರಾತ್ರಿ ದಡದ ಇಳಿಜಾರಿನಲ್ಲಿಯೇ, ನೀರಿಗೆ ತಾಗುವಷ್ಟು ಹತ್ತಿರ ಹರಡಿ ಇಡುತ್ತೇವೆ. ಸಿಕ್ಕಿಕೊಂಡ ಜೀವಗಳು ಇರುಳಿನ ತಂಪಿನಲ್ಲಿ ತೆವಳಿ ನೀರಿಗೆ ಮರಳುತ್ತವೆ. ಬೆಳಗ್ಗೆ ಕೆಸರಿನ ಮೇಲೆ ಅವು ಹೋದ ಗೆರೆಗಳನ್ನು ಕಾಣಬಹುದು. ಮೊಮ್ಮಕ್ಕಳು ಎಣಿಸುತ್ತಾರೆ. ಆಮೇಲೆ ಹೂಳು ಒಣಗಿ ಕಾಫಿ ಗಿಡಗಳಿಗೆ. ಮೆಣಸಿನ ಬಳ್ಳಿಯ ಬುಡಕ್ಕೆ ತಾಗಿಸಿ ಹಾಕುವುದಿಲ್ಲ, ಅಲ್ಲಿ ತೇವ ನಿಂತರೆ ಮಳೆಗಾಲದಲ್ಲಿ ಸೊರಗು ರೋಗ ಬರುತ್ತದೆ.

ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿದರೆ ನೀರು ಕನ್ನಡಿಯಂತಾಗುತ್ತದೆ ಎನ್ನುವವರಿದ್ದಾರೆ. ಆಗುತ್ತದೆ, ಅದರಲ್ಲಿ ಬದುಕಿರುವುದೆಲ್ಲ ಸತ್ತ ಮೇಲೆ. ಬೋರ್ಡೋ ದ್ರಾವಣ ಸಿಂಪಡಿಸಿದ ಡಬ್ಬವನ್ನು ಕೆರೆಯಲ್ಲಿ ತೊಳೆಯುವುದಂತೂ ಸಲ್ಲದು. ಮೈಲುತುತ್ತು ಮೀನಿಗೆ ವಿಷ. ತೋಟದವರು ಇದನ್ನು ತಿಳಿದೂ ಮರೆಯುತ್ತಾರೆ.

ಸೊಳ್ಳೆಯ ವಿಷಯ ಕಷ್ಟದ್ದು. ಗ್ಯಾಂಬೂಸಿಯಾ ಮೀನು ತಂದು ಬಿಡಿ, ಸೊಳ್ಳೆಮರಿಗಳನ್ನು ತಿಂದುಹಾಕುತ್ತದೆ ಎಂದು ಸಲಹೆ ಬಂತು. ತಿನ್ನಲೆಂದೇ ತಂದು ಬಿಡುವುದು ಸಂಕಲ್ಪಿ ಹಿಂಸೆಯಾಗದೇ ಎಂದು ನಮ್ಮ ಮನೆಯವರು ಕೇಳಿದರು. ಮನೆಯಲ್ಲಿ ಡೆಂಗ್ಯೂ ಬಂದರೆ ಏನು ಮಾಡುತ್ತೀರಿ ಎಂದು ಸೊಸೆ ಕೇಳಿದಳು. ಇಬ್ಬರ ಮಾತೂ ಸರಿ. ಕೊನೆಗೆ ಹೊರಗಿನ ಮೀನು ತರಲಿಲ್ಲ. ಔಷಧಿ ಹಾಕದ ಕೆರೆಯಲ್ಲಿ ಮೊದಲಿನಿಂದ ಇರುವ ಸಣ್ಣ ಮೀನುಗಳು, ಏರೋಪ್ಲೇನ್ ಚಿಟ್ಟೆಯ ಮರಿಗಳು ತಮ್ಮ ಪಾಡಿಗೆ ತಾವು ಬದುಕುತ್ತವೆ, ಅಲ್ಲಿ ಸೊಳ್ಳೆ ಹೆಚ್ಚುವುದಿಲ್ಲ. ಡೆಂಗ್ಯೂ ಹರಡುವ ಸೊಳ್ಳೆ ಹೆಚ್ಚಾಗಿ ಹುಟ್ಟುವುದು ಒಡೆದ ಮಡಕೆ, ಟೈರು, ಅಡಿಕೆ ಹಾಳೆಯಲ್ಲಿ ನಿಂತ ನೀರಿನಲ್ಲಿ. ಅವನ್ನೆಲ್ಲ ಮಗುಚಿ ಇಡುವ ಕೆಲಸವನ್ನು ಸೊಸೆಯೇ ವಹಿಸಿಕೊಂಡಿದ್ದಾಳೆ.

ನೈದಿಲೆಯ ಗಡ್ಡೆಗಳನ್ನು ಇದೇ ವೇಳೆಗೆ ಬಿಡಿಸಿ, ಹೆಚ್ಚಾದುದನ್ನು ಕೇಳಿದವರಿಗೆ ಕೊಡುತ್ತೇವೆ. ಎಲೆ ಕೆರೆಯ ಮೂರನೆಯ ಒಂದು ಭಾಗ ಮುಚ್ಚಿದ್ದರೆ ಸಾಕು, ಮೀನಿಗೆ ನೆರಳಾಗುತ್ತದೆ, ಪಾಚಿಯೂ ಹತೋಟಿಯಲ್ಲಿರುತ್ತದೆ. ಮಹಾವೀರ ಜಯಂತಿಗೆ ಬಸದಿಗೆ ಹೂ ಕೊಯ್ಯುವಾಗ ನೀರಿನ ಮೇಲೆಯೇ ಹಿಡಿದು ಮೆಲ್ಲಗೆ ಕೊಡವಿದರೆ ಒಳಗಿನ ಹುಳುಗಳು ಅಲ್ಲಿಯೇ ಉಳಿಯುತ್ತವೆ.

ಹೋದ ಸಲ ಹೂಮಳೆ ತಡವಾದಾಗ ಮಗ ಕೆರೆಯ ನೀರನ್ನೆಲ್ಲ ಕಾಫಿಗೆ ಹೊಡೆಯೋಣ ಎಂದ. ಕಾಫಿ ಕೈಬಿಟ್ಟರೆ ವರ್ಷದ ಆದಾಯವೇ ಹೋದಂತೆ, ಅವನ ಆತಂಕ ಸುಳ್ಳಲ್ಲ. ನಾವು ಧರ್ಮದ ಮಾತು ಎತ್ತಲಿಲ್ಲ. ಕಾಗದ, ಪೆನ್ಸಿಲು ಕೊಟ್ಟು ಲೆಕ್ಕ ಮಾಡು ಎಂದೆವು. ಕೆರೆ ತುಂಬಿದಾಗ 1,800 ಘನ ಅಡಿ, ಸುಮಾರು 51,000 ಲೀಟರು. ಒಂದು ಎಕರೆಗೆ ಒಂದು ಅಂಗುಲ ನೀರು ಎಂದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಮೇಲೆ. ರೊಬಸ್ಟಾ ಹೂವಿಗೆ ಒಂದು ಅಂಗುಲವಾದರೂ ಬೇಕು. ಕೆರೆಯನ್ನು ಪೂರ್ತಿ ಬತ್ತಿಸಿದರೂ ಅರ್ಧ ಎಕರೆ ಅರಳೀತು, ನಮಗಿರುವುದು ನಾಲ್ಕು ಎಕರೆ. ಅವನು ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಮಾರ್ಚ್ ಎರಡನೆಯ ವಾರ ಮಳೆ ಬಂತು, ಆದರೆ ಬರದಿದ್ದರೂ ಆ ಲೆಕ್ಕ ಬದಲಾಗುತ್ತಿರಲಿಲ್ಲ.

ಕೆಲಸ ಮುಗಿದ ದಿನ ಗುಂಡಿಯ ಬಳಿ ಅಂಗುಲದ ಗೆರೆ ಕೊರೆದ ಬಿದಿರಿನ ಕೋಲು ನೆಡುತ್ತೇವೆ. ಒಂದು ಅಂಗುಲ ಏರಿದರೆ ಏಳುನೂರು ಲೀಟರು ಜಮೆ. ಅಂಗಡಿಯ ಹಳೆಯ ಖಾತೆ ಪುಸ್ತಕದಲ್ಲಿ ಅದನ್ನು ಬರೆಯುವುದು ಈಗ ಎಂಟು ವರ್ಷದ ಮೊಮ್ಮಗಳ ಕೆಲಸ. 2016ರಲ್ಲಿ ಮಳೆ ಕೈಕೊಟ್ಟ ನಂತರದ ಬೇಸಿಗೆಯಲ್ಲಿ ದಿನಕ್ಕೆ ಅರ್ಧ ಅಂಗುಲವೂ ಏರದ ಲೆಕ್ಕ ಅದೇ ಪುಸ್ತಕದಲ್ಲಿ ನಮ್ಮ ಕೈಬರಹದಲ್ಲಿದೆ. ಈ ಸಲ ಮೊದಲ ರಾತ್ರಿ ಮೂರು ಅಂಗುಲ ಏರಿತು.

ಯುಗಾದಿಯ ಬೆಳಗ್ಗೆ ಮೊದಲ ಕೊಡ ನೀರು ತರುವವರು ನಮ್ಮ ಮನೆಯವರು. ಮೂವತ್ತಾರು ಅಂಗುಲ ಉದ್ದ, ಇಪ್ಪತ್ತನಾಲ್ಕು ಅಂಗುಲ ಅಗಲದ ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸುತ್ತಾರೆ. ಬಟ್ಟೆಯಲ್ಲಿ ಉಳಿದುದನ್ನು ಸೋಸಿದ ನೀರಿನಿಂದಲೇ ತೊಳೆದು, ಮೊಮ್ಮಗಳ ಕೈಗೆ ಚೊಂಬು ಕೊಟ್ಟು, ಮೇಲಿನಿಂದ ಸುರಿಯದೆ ನೀರಿನ ಮಟ್ಟಕ್ಕೆ ಬಗ್ಗಿ ಬಿಡು ಎನ್ನುತ್ತಾರೆ. ಕಳೆದ ಯುಗಾದಿಯಂದು ಅವಳು ಹಾಗೆ ಬಗ್ಗಿದಾಗ ಕಲ್ಲುಕಟ್ಟಿನ ಸಂದಿಯಿಂದ ಒಂದು ಆಮೆ ತಲೆ ಹೊರಗೆ ಹಾಕಿ, ಅವಳನ್ನು ನೋಡಿ ಒಳಗೆ ಎಳೆದುಕೊಂಡಿತಂತೆ. ನಾವು ಓಡಿ ಹೋಗುವಷ್ಟರಲ್ಲಿ ನೀರು ಅಲುಗಾಡುತ್ತಿತ್ತು ಅಷ್ಟೇ.